ಬೇಸಿಗೆಯಲ್ಲಿ ಒಣಗಬೇಕಾದ ನಾಲಾ: ಕಲಬುರಗಿಯಲ್ಲಿ ಹಳ್ಳವೊಂದನ್ನು ಸರಿಪಡಿಸುವ ಕ್ರಮ

ಏಪ್ರಿಲ್ ತಿಂಗಳ ಬೆಳಿಗ್ಗೆ ಕಲಬುರಗಿಯ ಯಾವುದಾದರೂ ಹಳೆಯ ಬಡಾವಣೆಯ ಹಿಂದಿನ ನಾಲಾದ ಸೇತುವೆಯ ಮೇಲೆ ನಿಂತರೆ ಕೆಳಗೆ ಕಪ್ಪು ನೀರು ನಿಧಾನವಾಗಿ ಹರಿಯುವುದು ಕಾಣುತ್ತದೆ. ನೋಡಿದವರು ಮೂಗು ಮುಚ್ಚಿಕೊಂಡು, ಹಳ್ಳ ಎಷ್ಟು ಕೆಟ್ಟುಹೋಗಿದೆ ಎಂದು ಮುಂದೆ ಸಾಗುತ್ತಾರೆ. ವಾಸ್ತವದಲ್ಲಿ ಅದು ಹಳ್ಳದ ನೀರೇ ಅಲ್ಲ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ, ಅದರಲ್ಲಿಯೂ ಸೆಪ್ಟೆಂಬರಿನಲ್ಲಿ ಜೋರಾಗಿ, ಸುರಿದು ಮುಗಿಯುತ್ತದೆ. ಎರೆನೆಲದ ಸಣ್ಣ ಹಳ್ಳವು ದೀಪಾವಳಿ ಕಳೆದು ಒಂದೆರಡು ತಿಂಗಳಲ್ಲಿ ಒಣಗುವುದೇ ಅದರ ಧರ್ಮ. ಬಿಸಿಲು 42 ಡಿಗ್ರಿ ಮುಟ್ಟುವ ದಿನಗಳಲ್ಲಿಯೂ ಅದು ಹರಿಯುತ್ತಿದೆ ಎಂದರೆ ಹರಿಯುತ್ತಿರುವುದು ನಮ್ಮ ಮನೆಗಳ ಬಚ್ಚಲು ಮತ್ತು ಪಾಯಖಾನೆಯ ನೀರು.

ಈ ಮಾತನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಕೆಲಸದ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ. ಕಲಬುರಗಿಯಲ್ಲಿ ಸರಿಹೋದ ನಾಲಾ ಎಂದರೆ ಬೇಸಿಗೆಯಲ್ಲಿ ಒಣಗಿ ನಿಂತ ನಾಲಾ. ಯೋಜನೆಯ ಚಿತ್ರಪಟಗಳಲ್ಲಿ ವರ್ಷವಿಡೀ ನೀಲಿ ನೀರು, ಕಾರಂಜಿ, ದೋಣಿಗಳನ್ನು ಬಣ್ಣದಲ್ಲಿ ತೋರಿಸುವವರನ್ನು ಆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು. ಇಂಥ ಮಾತು ಬಂದಾಗಲೆಲ್ಲ ಉದಾಹರಣೆಗೆ ಬರುವುದು ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್ಗೆಚೊನ್ ಹಳ್ಳ. ಮೇಲ್ಸೇತುವೆಯನ್ನು ಕೆಡವಿ, ಸುಮಾರು 5.8 ಕಿಲೋಮೀಟರ್ ಉದ್ದಕ್ಕೆ ಹಳ್ಳವನ್ನು ಮತ್ತೆ ತೆರೆದು, 2005ರ ಅಕ್ಟೋಬರಿನಲ್ಲಿ ಅದನ್ನು ಜನರಿಗೆ ಒಪ್ಪಿಸಿದರು. ಅದು ಮೆಚ್ಚಬೇಕಾದ ಕೆಲಸವೇ. ಆದರೆ ಅಲ್ಲಿ ಕಾಣುವ ತಿಳಿನೀರನ್ನು ಮುಖ್ಯವಾಗಿ ಹಾನ್ ನದಿಯಿಂದ ದಿನಕ್ಕೆ ಸುಮಾರು 1,20,000 ಟನ್‌ಗಳಷ್ಟು ಪಂಪ್ ಮಾಡಿ ಹರಿಸಲಾಗುತ್ತದೆ. ನಲ್ಲಿ ನೀರಿಗಾಗಿ ದಿನ ಎಣಿಸುವ ನಮ್ಮ ಊರಿಗೆ ಆ ಮಾದರಿ ಹೊಂದುವುದಿಲ್ಲ.

ಬೀದರಿನ ಮಾತು ಬೇರೆ. ಅಲ್ಲಿ ಊರು ಕುಳಿತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆನೀರು ಆ ಸರಂಧ್ರ ಕಲ್ಲಿನಲ್ಲಿ ಇಳಿದು, ಕೆಳಗಿನ ಕರಿಕಲ್ಲಿನ ಮೇಲೆ ತಡೆದು, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿಯಾಗಲಿ, ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಯಾಗಲಿ ಈ ನೆಲಗುಣದ ಫಲ. ಅಂಥ ಕಡೆ ಬೇಸಿಗೆಯಲ್ಲಿಯೂ ತೆಳುವಾದ ಹರಿವು ಇದ್ದರೆ ಅದು ನಿಜವಾದ ನೀರಾಗಿರಬಹುದು. ಮುಂದೆ ಹೇಳುವುದೆಲ್ಲ ಕಲಬುರಗಿಯ ಎರೆಮಣ್ಣನ್ನು ಕಣ್ಣಮುಂದೆ ಇಟ್ಟುಕೊಂಡು ಹೇಳುವ ಮಾತು.

ಕಾಗದದ ಕೆಲಸ

ಹಾರೆ ಹಿಡಿಯುವ ಮೊದಲು ನಾಲಾ ಯಾರದು, ಅದರ ಅಗಲ ಎಷ್ಟು ಎಂಬುದನ್ನು ಕಾಗದದ ಮೇಲೆ ಗೊತ್ತುಮಾಡಿಕೊಳ್ಳಬೇಕು. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ನಾಲಾದ ದಂಡೆಯಲ್ಲಿ ನಡೆದರೆ ಎರಡೂ ಬದಿಯ ಸರ್ವೆ ನಂಬರುಗಳು ಸಿಗುತ್ತವೆ. ಆ ನಂಬರುಗಳ ಪಹಣಿ, ಗ್ರಾಮ ನಕಾಶೆ ಮತ್ತು ಟಿಪ್ಪಣಿಯ (ಸರ್ವೆಯ ಮೂಲ ಅಳತೆಯ ದಾಖಲೆ) ಪ್ರತಿಗಳನ್ನು ತೆಗೆಸಬೇಕು. ಪಹಣಿಯಲ್ಲಿ ‘ಬ’ ಖರಾಬು ಎಂದು ಬರೆದ ಜಾಗವು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ, ಅದು ಖಾಸಗಿಯವರದಲ್ಲ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ ಮಾತ್ರ. ಈ ಎರಡು ಅಕ್ಷರಗಳ ವ್ಯತ್ಯಾಸ ತಿಳಿಯದೆ ಜಗಳಕ್ಕೆ ಹೋದವರು ಬರಿಗೈಯಲ್ಲಿ ಬಂದಿದ್ದಾರೆ.

ನಮ್ಮ ಭಾಗದ ಇನ್ನೊಂದು ವಿಶೇಷವೆಂದರೆ 1948ರವರೆಗೆ ಇದು ನಿಜಾಮರ ಆಡಳಿತದಲ್ಲಿದ್ದ ಕಾರಣ ಹಳೆಯ ಭೂದಾಖಲೆಗಳಲ್ಲಿ ಉರ್ದು ಬರವಣಿಗೆ ಇರುವುದು. ಅದನ್ನು ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ, ಇಂದು ಆರು ಅಡಿಗೆ ಇಳಿದಿರುವ ಗಟಾರವು ಒಂದು ಕಾಲಕ್ಕೆ ಎಷ್ಟು ಅಗಲದ ಹಳ್ಳವಾಗಿತ್ತು ಎಂಬುದು ತಿಳಿಯಬಹುದು. ದಾಖಲೆ ಕೈಗೆ ಬಂದ ಮೇಲೆ ಹದ್ದುಬಸ್ತಿಗಾಗಿ, ಅಂದರೆ ಗಡಿ ಅಳೆದು ಗುರುತಿಸಲು, ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು, ಅಳತೆಯ ದಿನ ಎರಡೂ ಬದಿಯ ಮನೆಯವರು ಹಾಜರಿರುವಂತೆ ನೋಡಿಕೊಳ್ಳಬೇಕು. ದಂಡೆಯಿಂದ ಎಷ್ಟು ದೂರ ಕಟ್ಟಡ ಕಟ್ಟಬಾರದು ಎಂಬ ಪ್ರಶ್ನೆಗೆ ಬೆಂಗಳೂರಿನ ಅಂಕಿಗಳನ್ನು ಹೇಳುವವರು ಬಹಳ. ಹಸಿರು ನ್ಯಾಯಮಂಡಳಿಯು ಅಲ್ಲಿನ ರಾಜಕಾಲುವೆಗಳಿಗೆ 2016ರಲ್ಲಿ ಹೇಳಿದ್ದ ಹೆಚ್ಚಿನ ಅಂತರವನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೆಗೆದುಹಾಕಿತು. ಅದೇನೇ ಇದ್ದರೂ ನಮಗೆ ಅನ್ವಯಿಸುವುದು ನಮ್ಮ ನಗರದ ಮಹಾಯೋಜನೆಯಲ್ಲಿರುವ ಅಂತರ. ಅದರ ಪ್ರತಿಯನ್ನು ನಗರಾಭಿವೃದ್ಧಿ ಪ್ರಾಧಿಕಾರದಿಂದ ಪಡೆಯಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬೇಕು.

ಒತ್ತುವರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ದಂಡೆಯ ಮೇಲೆ ತಗಡಿನ ಗುಡಿಸಲು ಹಾಕಿಕೊಂಡವರು ಮೊದಲು ಕಣ್ಣಿಗೆ ಬೀಳುತ್ತಾರೆ; ಕಂಪೌಂಡನ್ನು ಹತ್ತು ಅಡಿ ಮುಂದಕ್ಕೆ ತಂದು, ಅದರ ಮೇಲೆ ಬೋಗನ್‌ವಿಲ್ಲಾ ಹಬ್ಬಿಸಿದವರು ಬೀಳುವುದಿಲ್ಲ. ಅಳತೆಯ ನಕ್ಷೆ ಇಬ್ಬರಿಗೂ ಒಂದೇ ಆಗಿರಬೇಕು. ಗುಡಿಸಲಿನವರಿಗೆ ಬೇರೆ ಮನೆಯ ವ್ಯವಸ್ಥೆ ಆಗುವ ಮೊದಲು ಅವರನ್ನು ಎಬ್ಬಿಸುವ ಯಾವ ಯೋಜನೆಗೂ ನಾಗರಿಕರ ಸಮಿತಿ ಸಹಿ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬಕೆಟ್ ಮತ್ತು ನೋಟುಪುಸ್ತಕ

ಈಗ ನಿಜವಾದ ಕೆಲಸ. ಫೆಬ್ರವರಿ ಅಥವಾ ಮಾರ್ಚ್ ತಿಂಗಳಿನಲ್ಲಿ, ಅಂದರೆ ಮಳೆನೀರಿನ ಅಂಶ ಸಂಪೂರ್ಣ ನಿಂತ ಮೇಲೆ, ನಾಲಾದ ಕೆಳಭಾಗದಿಂದ ಮೇಲ್ಭಾಗದ ಕಡೆಗೆ ನಡೆಯುತ್ತ ಅದರೊಳಗೆ ಬಂದು ಬೀಳುವ ಪ್ರತಿಯೊಂದು ಪೈಪು, ಗಟಾರ ಮತ್ತು ಸಂದಿನ ಬಾಯಿಯನ್ನು ಎಣಿಸಬೇಕು. ಒಬ್ಬರು ಸುಣ್ಣದಿಂದ ನಂಬರು ಬರೆಯಲಿ, ಇನ್ನೊಬ್ಬರು ಪುಸ್ತಕದಲ್ಲಿ ಎಡದಂಡೆಯೋ ಬಲದಂಡೆಯೋ, ಬಾಯಿಯ ಅಗಲ ಎಷ್ಟು, ನೀರಿನ ಬಣ್ಣ ಮತ್ತು ವಾಸನೆ ಏನು, ಹರಿಯುತ್ತಿದ್ದ ಸಮಯ ಯಾವುದು ಎಂಬುದನ್ನು ದಾಖಲಿಸಲಿ. ಬೂಟು ಮತ್ತು ಕೈಗವಸು ಇಲ್ಲದೆ ಇಳಿಯಬಾರದು. ಮ್ಯಾನ್‌ಹೋಲಿನೊಳಗಂತೂ ಯಾರೂ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ, ಮತ್ತು ಅಲ್ಲಿನ ಅನಿಲಕ್ಕೆ ಜೀವ ಹೋಗಲು ಕೆಲವೇ ನಿಮಿಷ ಸಾಕು.

ಒಂದೇ ಸಲ ನಡೆದರೆ ಸಾಲದು. ಬೆಳಿಗ್ಗೆ ಏಳಕ್ಕೆ ತುಂಬಿ ಹರಿಯುವ ಬಾಯಿ ಮಧ್ಯಾಹ್ನ ಒಂದಕ್ಕೆ ತೊಟ್ಟಿಕ್ಕುತ್ತಿರುತ್ತದೆ. ಇದು ಮನೆಗಳ ನೀರು. ರಾತ್ರಿ ಮೂರಕ್ಕೂ ಹಗಲಿನಷ್ಟೇ ಹರಿಯುವ ಬಾಯಿಯ ಹಿಂದೆ ಹೋಟೆಲು, ವಸತಿಗೃಹ ಅಥವಾ ಸಣ್ಣ ಕಾರ್ಖಾನೆ ಇರುವ ಸಾಧ್ಯತೆ ಹೆಚ್ಚು. ನಲ್ಲಿ ಬಿಡುವ ದಿನ ಮಾತ್ರ ತಿಳಿನೀರು ಸುರಿಸುವ ಬಾಯಿ ಸಿಕ್ಕರೆ, ಅದು ಕುಡಿಯುವ ನೀರಿನ ಪೈಪು ಒಡೆದಿರುವುದರ ಗುರುತು; ಅದನ್ನು ಅಂದೇ ವರದಿ ಮಾಡಬೇಕು, ಏಕೆಂದರೆ ನೀರು ಹೊರಗೆ ಬರುವ ಅದೇ ಬಿರುಕಿನಿಂದ ನಲ್ಲಿ ನಿಂತ ದಿನ ಹೊಲಸು ಒಳಗೆ ಹೋಗುತ್ತದೆ.

ಪ್ರಮಾಣ ತಿಳಿಯಲು ಬಕೆಟ್ ಮತ್ತು ಮೊಬೈಲಿನ ಗಡಿಯಾರ ಸಾಕು. 15 ಲೀಟರಿನ ಬಕೆಟ್ 10 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ ಒಂದೂವರೆ ಲೀಟರ್. ದಿನದ ನಾಲ್ಕು ಹೊತ್ತಿನ ಅಳತೆಗಳ ಸರಾಸರಿ ಇಷ್ಟೇ ಬಂದರೆ ದಿನಕ್ಕೆ 1,29,600 ಲೀಟರ್ ಆಯಿತು. ತಲೆಗೆ 135 ಲೀಟರ್ ನೀರು ಪೂರೈಸಿ, ಅದರಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂಬ ಎಂಜಿನಿಯರುಗಳ ವಾಡಿಕೆಯ ಲೆಕ್ಕದಲ್ಲಿ ಒಬ್ಬರ ಪಾಲು 108 ಲೀಟರ್. ಅಂದರೆ ಆ ಒಂದು ಬಾಯಿಯ ಹಿಂದೆ ಹೆಚ್ಚುಕಡಿಮೆ 1,200 ಜನರಿದ್ದಾರೆ. ವಾರ್ಡ್ ಕಚೇರಿಗೆ ಹೋಗಿ ‘ನಾಲಾ ಹೊಲಸಾಗಿದೆ’ ಎಂದರೆ ಸಿಗುವ ಉತ್ತರವೇ ಬೇರೆ, ‘17ನೇ ನಂಬರಿನ ಬಾಯಿಯಿಂದ 1,200 ಜನರ ಕೊಳಚೆ ಬೀಳುತ್ತಿದೆ’ ಎಂದು ಪುಸ್ತಕ ತೆರೆದು ತೋರಿಸಿದಾಗ ಸಿಗುವ ಉತ್ತರವೇ ಬೇರೆ.

ಯಾವ ಓಣಿಯ ನೀರು ಯಾವ ಬಾಯಿಗೆ ಬರುತ್ತದೆಂದು ಅನುಮಾನ ಬಂದರೆ, ಮೇಲಿನ ಗಟಾರಕ್ಕೆ ತಿಂಡಿಗೆ ಹಾಕುವ ಗಾಢ ಹಸಿರು ಬಣ್ಣವನ್ನು ಒಂದು ಬಕೆಟ್ ನೀರಿನಲ್ಲಿ ಕಲಸಿ ಸುರಿದು, ಕೆಳಗೆ ಒಬ್ಬರು ಕಾದು ನಿಲ್ಲಬೇಕು. ನಮ್ಮ ಓಣಿಯಲ್ಲಿ ಈ ಪರೀಕ್ಷೆ ಮಾಡಿದ ದಿನ, ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ದೂರುತ್ತಿದ್ದ ಮನೆಯ ಹಿಂದಿನ ಪೈಪಿನಿಂದಲೇ ಹಸಿರು ನೀರು ಬಂತು. ಆ ಮನೆ ನನ್ನದೇ ಆಗಿತ್ತು. ಕಟ್ಟುವಾಗ ಮೇಸ್ತ್ರಿ ಬಚ್ಚಲಿನ ಪೈಪನ್ನು ಯುಜಿಡಿಗೆ (ನೆಲದಡಿಯ ಒಳಚರಂಡಿಗೆ) ಜೋಡಿಸದೆ ನಾಲಾದ ಕಡೆಗೆ ತಿರುಗಿಸಿದ್ದು ಹನ್ನೆರಡು ವರ್ಷ ನನಗೆ ಗೊತ್ತಿರಲಿಲ್ಲ.

ಹೊಲಸನ್ನು ತಡೆಯುವುದು

ಎಣಿಕೆ ಮುಗಿದ ಮೇಲೆ ಬಾಯಿಗಳನ್ನು ಮೂರು ಗುಂಪು ಮಾಡಬಹುದು. ಯುಜಿಡಿ ಕೊಳವೆ ಪಕ್ಕದಲ್ಲಿಯೇ ಇದ್ದೂ ಜೋಡಣೆಯಾಗದ ಮನೆಗಳು ಮೊದಲನೆಯವು. ಇವು ಸಂಖ್ಯೆಯಲ್ಲಿ ಹೆಚ್ಚು, ಖರ್ಚಿನಲ್ಲಿ ಕಡಿಮೆ. ಕೊಳವೆ ಇದ್ದರೂ ಕಟ್ಟಿಕೊಂಡು ಮ್ಯಾನ್‌ಹೋಲಿನಿಂದ ಉಕ್ಕಿ ಬರುವುದು ಎರಡನೆಯದು. ಇದಕ್ಕೆ ಪಾಲಿಕೆಯ ಜೆಟ್ಟಿಂಗ್ ಯಂತ್ರ ಬೇಕು. ಯುಜಿಡಿಯೇ ಇಲ್ಲದ ಓಣಿಗಳು ಮೂರನೆಯವು. ಇವುಗಳಿಗೆ ದಂಡೆಯುದ್ದಕ್ಕೂ ಒಂದು ತಡೆಗೊಳವೆ ಹಾಕಿ, ಬೇಸಿಗೆಯ ಹರಿವನ್ನೆಲ್ಲ ಅದಕ್ಕೆ ತಿರುಗಿಸಿ ಶುದ್ಧೀಕರಣ ಘಟಕದ ಮುಖ್ಯ ಕೊಳವೆಗೆ ಮುಟ್ಟಿಸಬೇಕಾಗುತ್ತದೆ. ಇದು ಲಕ್ಷಗಳ ಕೆಲಸ, ಚಂದಾ ಎತ್ತಿ ಮಾಡುವಂಥದ್ದಲ್ಲ. 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಮೃತ್ 2.0 ಯೋಜನೆಯಲ್ಲಿ ಒಳಚರಂಡಿಗೂ ಜಲಮೂಲಗಳ ಪುನಶ್ಚೇತನಕ್ಕೂ ಅವಕಾಶ ಇಡಲಾಗಿತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೆ ಶಾಸಕರ ಮೂಲಕ ಪ್ರಸ್ತಾವ ಸಲ್ಲಿಸಬಹುದು. ಪ್ರಸ್ತಾವದ ಜೊತೆ ಬಕೆಟ್ ಲೆಕ್ಕದ ಪುಸ್ತಕದ ಪ್ರತಿಯನ್ನು ಇಟ್ಟರೆ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರಿಗೆ ಅರ್ಧ ಕೆಲಸ ಮುಗಿದಂತಾಗುತ್ತದೆ.

ಇಲ್ಲಿ ಯಾರಾದರೂ ಎದ್ದು ನಿಂತು, ಕೊಳವೆ ಏಕೆ, ನಾಲಾದಲ್ಲಿಯೇ ಆಪು ಹುಲ್ಲು ಮತ್ತು ಕಾಬಾಳೆ ಗಿಡ ನೆಟ್ಟರೆ ನೀರು ತಾನೇ ಶುದ್ಧವಾಗುತ್ತದೆಯಲ್ಲ ಎಂದು ಕೇಳುತ್ತಾರೆ. ಜಲ್ಲಿ ತುಂಬಿದ ಹಾಸಿನಲ್ಲಿ ಸಸ್ಯ ಬೆಳೆಸಿ ಕೊಳಚೆಯನ್ನು ಸೋಸುವ ಕ್ರಮ ನಿಜವಾಗಿಯೂ ಇದೆ, ನಮ್ಮಂಥ ಬಿಸಿಲಿನ ಊರಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತಲೆಗೆ ಒಂದರಿಂದ ಎರಡು ಚದರ ಮೀಟರ್ ಹಾಸು ಬೇಕು. ಆ 17ನೇ ನಂಬರಿನ ಬಾಯಿಯೊಂದಕ್ಕೇ 12ರಿಂದ 24 ಗುಂಟೆ ಜಾಗವಾಯಿತು! ಉಳಿದುಹೋದ ಹತ್ತು ಹದಿನೈದು ಮನೆಗಳ ನೀರಿಗೆ ಇದು ಸರಿ, ಇಡೀ ಬಡಾವಣೆಗೆ ಅಲ್ಲ.

ಇಂಗುಗುಂಡಿಯ ವಿಷಯದಲ್ಲಿಯೂ ಉತ್ಸಾಹ ತಡೆದುಕೊಳ್ಳಬೇಕು. ಎರೆಮಣ್ಣು ಒದ್ದೆಯಾದ ಮೇಲೆ ನೀರನ್ನು ಇಂಗಿಸುವುದೇ ಇಲ್ಲ. ಅದನ್ನು ದಾಟಿ ಕಲ್ಲಿನವರೆಗೆ ತೋಡಿದರೆ ನೀರು ಇಳಿಯುತ್ತದೆ, ನಿಜ. ಆದರೆ ಶಹಾಬಾದ್, ವಾಡಿ ಕಡೆಯ ಸುಣ್ಣಕಲ್ಲಿನಂಥ ನೆಲದಲ್ಲಿ ಬಿರುಕುಗಳ ಮೂಲಕ ಹೊಲಸು ಸೋಸಿಕೊಳ್ಳದೆ ಪಕ್ಕದ ಬೋರ್‌ವೆಲ್ಲಿಗೆ ಮುಟ್ಟುತ್ತದೆ. ಕೊಳಚೆ ಸಂಪೂರ್ಣ ನಿಲ್ಲುವವರೆಗೆ ನಾಲಾದ ತಳದಲ್ಲಿ ಇಂಗುಗುಂಡಿ ತೋಡಬಾರದು.

ಹೂಳು, ಅಗಲ, ದಂಡೆ

ಮಣ್ಣಿನ ಕೆಲಸಕ್ಕೆ ಏಪ್ರಿಲ್ ಮತ್ತು ಮೇ ಮಾತ್ರ ಯೋಗ್ಯ. ಒಂದು ದೊಡ್ಡ ಮಳೆ ಬಿತ್ತೆಂದರೆ ಜೆಸಿಬಿ ಎರೆಯಲ್ಲಿ ಅಚ್ಚಿನವರೆಗೆ ಹೂತುಕೊಂಡು, ಅದನ್ನು ಎಳೆಯಲು ಇನ್ನೊಂದು ಜೆಸಿಬಿ ಬರಬೇಕಾಗುತ್ತದೆ. ತೆಗೆದ ಹೂಳನ್ನು ದಂಡೆಯ ಮೇಲೆ ಗುಡ್ಡೆ ಹಾಕಿ ಬಿಡುವುದು ಎಲ್ಲೆಡೆ ಕಾಣುವ ತಪ್ಪು. ಮೊದಲ ಮಳೆಗೆ ಅದು ಮತ್ತೆ ಒಳಗೆ ಇಳಿಯುತ್ತದೆ, ಬಿಲ್ಲು ಮಾತ್ರ ಪಾಸಾಗಿರುತ್ತದೆ. ಬಿಸಿಲಿಗೆ ಒಣಗಿಸಿ, ಪ್ಲಾಸ್ಟಿಕ್ ಆರಿಸಿ, ಪಾಲಿಕೆ ತೋರಿಸಿದ ಜಾಗಕ್ಕೆ ಸಾಗಿಸಬೇಕು. ಊರ ನಾಲಾದ ಹೂಳನ್ನು ಗೊಬ್ಬರವೆಂದು ಕಾಯಿಪಲ್ಯದ ಹೊಲಕ್ಕೆ ಒಯ್ಯಲು ಬಿಡಬಾರದು. ಗ್ಯಾರೇಜು, ಬ್ಯಾಟರಿ ಅಂಗಡಿಗಳ ಸೀಸವೂ ಅದರಲ್ಲಿ ಸೇರಿರುತ್ತದೆ.

ನಾಲಾ ಎಷ್ಟು ಅಗಲ ಇರಬೇಕು ಎಂಬುದನ್ನು ಸರಳ ಲೆಕ್ಕದಿಂದ ಅಂದಾಜು ಮಾಡಬಹುದು. ನೀರು ಬಂದು ಸೇರುವ ಪ್ರದೇಶ 200 ಹೆಕ್ಟೇರ್, ಜೋರು ಮಳೆ ಗಂಟೆಗೆ 50 ಮಿಲಿಮೀಟರ್, ಬಿದ್ದದ್ದರಲ್ಲಿ ಹರಿದು ಬರುವುದು ಹತ್ತರಲ್ಲಿ ಆರು ಪಾಲು ಎಂದುಕೊಂಡರೆ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಬೇಕು. ಸೆಕೆಂಡಿಗೆ ಸುಮಾರು 17 ಘನಮೀಟರ್ ಎಂಬ ಉತ್ತರ ಬರುತ್ತದೆ. 300 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ, ಹುಲ್ಲು ಬೆಳೆದ ಮಣ್ಣಿನ ನಾಲಾದಲ್ಲಿ ಇದು ಉಕ್ಕದೆ ಹೋಗಬೇಕಾದರೆ ತಳದ ಅಗಲ 4 ಮೀಟರ್, ನೀರಿನ ಆಳ 1.6 ಮೀಟರ್, ಎರಡು ಅಡ್ಡಕ್ಕೆ ಒಂದು ಎತ್ತರದ ದಂಡೆಗಳು ಬೇಕು. ಮೇಲೆ ಅರ್ಧ ಮೀಟರ್ ಬಿಡುವು ಸೇರಿಸಿದರೆ ಮೇಲ್ಭಾಗದ ಅಗಲ 12 ಮೀಟರ್ ದಾಟುತ್ತದೆ. ಇದು ಅಂದಾಜು ಮಾತ್ರ. ನಿಮ್ಮ ನಾಲಾದ ವಿನ್ಯಾಸವನ್ನು ಎಂಜಿನಿಯರ್ ಮಾಡಬೇಕು. ಆದರೆ ಈ ಲೆಕ್ಕ ತಲೆಯಲ್ಲಿದ್ದರೆ, ಮೂರು ಮೀಟರಿನ ಕಾಂಕ್ರೀಟ್ ಪೆಟ್ಟಿಗೆ ಹಾಕಿ ಉಳಿದ ಜಾಗದಲ್ಲಿ ರಸ್ತೆ ಮಾಡೋಣ ಎನ್ನುವವರಿಗೆ ಉತ್ತರ ಕೊಡಲು ಬರುತ್ತದೆ. ಪೆಟ್ಟಿಗೆಯೊಳಗೆ ನೀರು ವೇಗವಾಗಿ ಓಡಿ ಕೆಳಗಿನ ಓಣಿಯ ಮನೆಗಳಿಗೆ ನುಗ್ಗುತ್ತದೆ. ಮೇಲೆ ಚಪ್ಪಡಿ ಮುಚ್ಚಿದರಂತೂ ಹೂಳು ತುಂಬಿದ್ದು ಯಾರಿಗೂ ಕಾಣುವುದಿಲ್ಲ.

ದಂಡೆಯೇ ನಮ್ಮ ನೆಲದಲ್ಲಿ ಅತ್ಯಂತ ಕಷ್ಟದ ಭಾಗ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ, ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಜೂನ್‌ನಲ್ಲಿ ನೀರು ಆ ಬಿರುಕಿನಲ್ಲಿ ಇಳಿದು ಉಬ್ಬಿ, ದಂಡೆಯ ಒಂದು ಇಡೀ ಹೋಳನ್ನು ಒಳಗೆ ದೂಡುತ್ತದೆ. ಮೇ ತಿಂಗಳಲ್ಲಿ ದಂಡೆಯ ಅಂಚಿಗೆ ಸಮಾನಾಂತರವಾಗಿ ಉದ್ದನೆಯ ಬಿರುಕು ಕಂಡರೆ, ಮಳೆಗಾಲದಲ್ಲಿ ಕುಸಿಯುವ ಜಾಗ ಅದೇ ಎಂದು ತಿಳಿಯಬೇಕು. ಆದ್ದರಿಂದ ದಂಡೆಯನ್ನು ಎರಡಕ್ಕೆ ಒಂದಕ್ಕಿಂತ ಕಡಿದಾಗಿ ಬಿಡಬಾರದು, ಜಾಗವಿದ್ದರೆ ಮೂರಕ್ಕೆ ಒಂದು ಮಾಡಬೇಕು. ಜಾಗವಿಲ್ಲದ ಕಡೆ ಸಿಮೆಂಟಿನ ಗೋಡೆಗಿಂತ ತಂತಿಬಲೆಯ ಪೆಟ್ಟಿಗೆಯಲ್ಲಿ ಕಲ್ಲು ತುಂಬಿ ಪೇರಿಸುವುದು ಮೇಲು, ಏಕೆಂದರೆ ಹಿಂದಿನ ಮಣ್ಣು ಉಬ್ಬಿದಾಗ ಅದು ತುಸು ಬಾಗುತ್ತದೆ, ನೀರನ್ನು ಸೋರಲು ಬಿಡುತ್ತದೆ, ಬಿರಿಯುವುದಿಲ್ಲ. ಫರ್ಸಿ (ಹಾಸುಗಲ್ಲು) ಗಣಿಗಳ ಬಳಿ ಗುಡ್ಡದಂತೆ ಬಿದ್ದಿರುವ ಒಡಕು ಕಲ್ಲು ಇದಕ್ಕೆ ಚೆನ್ನಾಗಿ ಒದಗುತ್ತದೆ. ಹೊಸದಾಗಿ ಇಳಿಜಾರು ಮಾಡಿದ ದಂಡೆಗೆ ಮೊದಲ ಮಳೆಗಾಲದ ರಕ್ಷಣೆಗಾಗಿ ತೊಗರಿ ಕಟ್ಟಿಗೆಯನ್ನು ತೊಡೆ ಗಾತ್ರದ ಉದ್ದನೆಯ ಹೊರೆಗಳಾಗಿ ಬಿಗಿದು, ಇಳಿಜಾರಿಗೆ ಅಡ್ಡಲಾಗಿ ಸಣ್ಣ ತೋಡಿನಲ್ಲಿ ಮಲಗಿಸಿ, ಗೂಟ ಹೊಡೆಯಬಹುದು. ಅದು ಕೊಳೆಯುವಷ್ಟರಲ್ಲಿ ಹುಲ್ಲು ಬೇರು ಬಿಟ್ಟಿರುತ್ತದೆ. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ಈ ಕಟ್ಟಿಗೆಗೆ ಬರವಿಲ್ಲ.

ತಳದಲ್ಲಿ 40–50 ಮೀಟರಿಗೊಂದು, ಮೊಣಕಾಲಿಗಿಂತ ಕಡಿಮೆ ಎತ್ತರದ ಕಲ್ಲಿನ ಹೊಸ್ತಿಲನ್ನು, ನಡುವೆ ಕಿಂಡಿ ಬಿಟ್ಟು ಕಟ್ಟಿದರೆ ಹೂಳು ಅಲ್ಲಲ್ಲಿಯೇ ಕೂಡುತ್ತದೆ. ನೀರು ನಿಲ್ಲಿಸುವ ಒಡ್ಡು ಬೇಡ. ಮಳೆ ನಿಂತ ಮೂರು ನಾಲ್ಕು ದಿನಗಳಲ್ಲಿ ಗುಂಡಿಗಳು ಖಾಲಿಯಾಗದಿದ್ದರೆ ಸೊಳ್ಳೆಯ ಮರಿ ರೆಕ್ಕೆ ಪಡೆಯಲು ನಾವೇ ಸಮಯ ಕೊಟ್ಟಂತೆ.

ಗಿಡಗಳು

ಮೊದಲ ವರ್ಷ ನಾವು ಈ ಕ್ರಮವನ್ನೆಲ್ಲ ಬಿಟ್ಟು, ಪರಿಸರ ದಿನಾಚರಣೆಯಂದು ಸಸಿಗಳನ್ನು ನೆಟ್ಟು ಫೋಟೊ ತೆಗೆಸಿಕೊಂಡಿದ್ದೆವು. ಕೆಳದಂಡೆಯಲ್ಲಿ ನೆಟ್ಟವು ಸೆಪ್ಟೆಂಬರಿನ ಒಂದೇ ರಾತ್ರಿಯಲ್ಲಿ ತೇಲಿಹೋದವು. ಮೇಲ್ದಂಡೆಯವು ಮುಂದಿನ ಮೇ ತಿಂಗಳಲ್ಲಿ ಮಣ್ಣು ಬಿರಿದು ಬೇರು ಹರಿದು ಒಣಗಿದವು. ಯಾವ ಗಿಡ ಎಷ್ಟು ಎತ್ತರದಲ್ಲಿ ಎಂಬುದು ಗಿಡದ ಜಾತಿಯಷ್ಟೇ ಮುಖ್ಯವೆಂದು ಆಗ ತಿಳಿಯಿತು.

ನೀರು ಮುಟ್ಟುವ ಬುಡದಲ್ಲಿ ಆಪು ಮತ್ತು ಸ್ಥಳೀಯ ಹುಲ್ಲು ತಾವಾಗಿಯೇ ಬರುತ್ತವೆ, ಅತಿಯಾದದ್ದನ್ನು ಕತ್ತರಿಸಿದರೆ ಸಾಕು. ಇಳಿಜಾರಿನ ನಡುಭಾಗಕ್ಕೆ ಲಾವಂಚದ ಸಾಲು ಮತ್ತು ಲೆಕ್ಕಿ ಗಿಡ. ಲಾವಂಚದ ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುವುದರಿಂದ ಬಿರುಕಿಗೆ ಹೊಲಿಗೆ ಹಾಕಿದಂತಾಗುತ್ತದೆ. ದಂಡೆಯ ಮೇಲಂಚಿನಲ್ಲಿ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ. ನಡೆದಾಡುವ ದಾರಿಯ ಹೊರಬದಿಯಲ್ಲಿ ಬೇವು, ಬನ್ನಿ, ಹುಣಸೆ. ಹಳ್ಳದ ಬದಿಯಲ್ಲಿ ಮೊದಲೇ ನಿಂತಿರುವ ಈಚಲು ಮತ್ತು ಕರಿಜಾಲಿಗಳನ್ನು ಮುಟ್ಟಬಾರದು. ಬಳ್ಳಾರಿ ಜಾಲಿಯನ್ನು ತೆಗೆಯಲೇಬೇಕು, ಆದರೆ ಒಂದೇ ಸಲಕ್ಕೆ ಅಲ್ಲ. ಸದ್ಯಕ್ಕೆ ದಂಡೆಯನ್ನು ಹಿಡಿದಿರುವುದು ಅದರ ಬೇರೇ. ಒಂದು ವರ್ಷಕ್ಕೆ ಒಂದು ತುಂಡು ದಂಡೆಯಲ್ಲಿ, ಬುಡಸಮೇತ ಕಿತ್ತು, ಆ ಜಾಗದಲ್ಲಿ ಅದೇ ಜೂನ್‌ನಲ್ಲಿ ಲಾವಂಚ ಹಾಕುತ್ತ ಹೋಗಬೇಕು. ಬುಡ ಉಳಿಸಿ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ.

ಎರೆಯಲ್ಲಿ ಗುಣಿಯನ್ನು ಎರಡು ಅಡಿ ತೋಡಿ, ತೆಗೆದ ಮಣ್ಣಿಗೆ ಅರ್ಧದಷ್ಟು ಕೆಂಪುಮಣ್ಣು ಅಥವಾ ಮುರುಮು (ಗರಸು) ಬೆರೆಸಿ ತುಂಬಬೇಕು. ಬುಡದ ಸುತ್ತ ಒಣಎಲೆ ಮತ್ತು ಕಟ್ಟಿಗೆ ಚೂರಿನ ದಪ್ಪ ಹೊದಿಕೆ ಇದ್ದರೆ ಬಿರುಕು ಕಡಿಮೆ. ಎರಡು ಬೇಸಿಗೆ ನೀರು ಕೊಡದೆ ಯಾವ ಗಿಡವೂ ಇಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂತು, ವಾರಕ್ಕೆ ಎರಡು ಸಲ ತುಂಬಿಸಿ ಮುಚ್ಚಳ ಹಾಕಿದರೆ ಕಡಿಮೆ ನೀರಿನಲ್ಲಿ ಕೆಲಸವಾಗುತ್ತದೆ. ಎಷ್ಟು ಗಡಿಗೆ ತುಂಬಲು ಜನರಿದ್ದಾರೋ ಅಷ್ಟೇ ಸಸಿ ನೆಡಬೇಕು.

ದಾರಿ

ನಡೆದಾಡುವ ದಾರಿ ಕೊನೆಯ ಕೆಲಸ. ಅದನ್ನೇ ಮೊದಲು ಮಾಡಿ, ಎರಡು ವರ್ಷದ ನಂತರ ಕೊಳವೆ ಹಾಕಲು ಅದನ್ನೇ ಅಗೆದ ಉದಾಹರಣೆಗಳು ಎಲ್ಲ ಊರುಗಳಲ್ಲಿಯೂ ಇವೆ.

ನಡೆಯುವವರಿಗೂ ಸೈಕಲ್ಲಿನವರಿಗೂ ಸೇರಿ ಮೂರು ಮೀಟರ್ ಅಗಲ ಸಾಕು. ನಾವು ಮಾಡಿದ ಎರಡನೆಯ ತಪ್ಪು, ಫರ್ಸಿಯನ್ನು ನೇರವಾಗಿ ಎರೆಯ ಮೇಲೆ ಮರಳು ಹರಡಿ ಹಾಸಿದ್ದು. ಮಳೆಗಾಲ ಕಳೆಯುವುದರೊಳಗೆ ಅದು ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿಳಿದಿತ್ತು. ಮೇಲಿನ ಒಂದು ಅಡಿ ಎರೆಯನ್ನು ತೆಗೆದು, ಮುರುಮನ್ನು ಎರಡು ಪದರಗಳಲ್ಲಿ ನೀರು ಹಾಕಿ ಕುಟ್ಟಿ, ನಡುವೆ ತುಸು ಎತ್ತರವಿರುವಂತೆ ಮಾಡಬೇಕು. ನನ್ನ ಮಟ್ಟಿಗೆ ಬರೀ ಮುರುಮಿನ ದಾರಿಯೇ ಉತ್ತಮ. ಫರ್ಸಿ ಬೇಕೆಂದರೆ ಪಾಲಿಶ್ ಮಾಡದ ಒರಟು ಮುಖ ಮೇಲಿರಲಿ. ಕೂರುವ ಜಾಗಗಳನ್ನು ಗಿಡದ ಬುಡದಲ್ಲಿ ಕಟ್ಟೆಯಂತೆ, ಸಂಜೆಯ ನೆರಳಿನಲ್ಲಿ ಕಟ್ಟಬೇಕು. ಬಯಲಿನಲ್ಲಿ ಹಾಕಿದ ಫರ್ಸಿ ಬೆಂಚಿನ ಮೇಲೆ ಮೇ ತಿಂಗಳ ಸಂಜೆ ಆರಕ್ಕೂ ಕೂರಲು ಸಾಧ್ಯವಿಲ್ಲ. ದಾರಿ ಉತ್ತರ-ದಕ್ಷಿಣವಾಗಿದ್ದರೆ ಪಶ್ಚಿಮದಲ್ಲಿ ಮರದ ಸಾಲು ದಟ್ಟವಾಗಿರಲಿ.

ಸಂಜೆ ಹೊತ್ತಿನಲ್ಲಿ ಹೆಣ್ಣುಮಕ್ಕಳು ನಿರಾತಂಕವಾಗಿ ನಡೆಯುವಂತಿರಬೇಕಾದರೆ ಪೊದೆಗಳು ಸೊಂಟದ ಮಟ್ಟವನ್ನೂ ಮೀರಬಾರದು, ಮರದ ಕೆಳಗೊಂಬೆಗಳು ತಲೆಗಿಂತ ಮೇಲಿರಬೇಕು ಮತ್ತು ಪ್ರತಿ ನೂರಿನ್ನೂರು ಮೀಟರಿಗೆ ಓಣಿಯ ಕಡೆಗೆ ಹೊರಹೋಗುವ ದಾರಿ ಇರಬೇಕು. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾದ ಇಳಿಜಾರು ಬೇಡ. ಬೈಕುಗಳನ್ನು ತಡೆಯಲು ದಾರಿಯ ಬಾಯಿಯಲ್ಲಿ ಕಲ್ಲುಕಂಬ ನೆಡುವಾಗ ಗಾಲಿಕುರ್ಚಿ ದಾಟುವಷ್ಟು ಅಂತರ ಬಿಡಬೇಕು.

ವರ್ಷದ ಪಾಲನೆ

ಸೇತುವೆಯ ಕಂಬಕ್ಕೆ ಬಿಳಿ ಬಣ್ಣ ಬಳಿದು, ಹತ್ತು ಸೆಂಟಿಮೀಟರಿಗೊಂದು ಗೆರೆ ಎಳೆದು, ಪ್ರತಿ ಜೋರು ಮಳೆಯ ಮರುದಿನ ನೀರು ಏರಿದ ಗುರುತನ್ನು ದಿನಾಂಕದೊಂದಿಗೆ ಬರೆದಿಡಬೇಕು. ಅಕ್ಟೋಬರ್ 2020ರಲ್ಲಿ ಭೀಮಾ ನದಿ ಉಕ್ಕಿದಾಗ ಜಿಲ್ಲೆಯ ಹಳ್ಳಿಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನಗಳಲ್ಲಿ ಊರೊಳಗಿನ ಯಾವ ನಾಲಾ ಎಲ್ಲಿಯವರೆಗೆ ಏರಿತ್ತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಗೋಡೆ ತೋರಿಸುತ್ತಾರೆ. ಸೇತುವೆಯ ಮೇಲೆ ಪೂಜೆಯ ಹೂವಿಗೆ ಬೇರೆ ತೊಟ್ಟಿ ಇಟ್ಟು ವಾರಕ್ಕೊಮ್ಮೆ ಗೊಬ್ಬರದ ಗುಂಡಿಗೆ ಒಯ್ಯುವ ವ್ಯವಸ್ಥೆಯಾದರೆ ಕವರಿನಲ್ಲಿ ಕಟ್ಟಿ ಎಸೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಕಟ್ಟಡದ ಭಗ್ನಾವಶೇಷವನ್ನು ರಾತ್ರಿ ತಂದು ಸುರಿಯುವ ಟ್ರ್ಯಾಕ್ಟರುಗಳಿಗೆ ಬೋರ್ಡಿಗಿಂತ ಕಲ್ಲುಕಂಬವೇ ಪರಿಣಾಮಕಾರಿ. ಮೇ ಕೊನೆಯಲ್ಲಿ ಒಂದು ದೊಡ್ಡ ಸ್ವಚ್ಛತೆ, ಪ್ರತಿ ಮಳೆಯ ನಂತರ ಜಾಲರಿಗಳ ಕಸ ತೆಗೆಯುವುದು, ಕಾಂಗ್ರೆಸ್ ಕಸವನ್ನು ಹೂಬಿಡುವ ಮೊದಲೇ ಕೀಳುವುದು, ಇಷ್ಟು ಸಮಿತಿಯ ಪಾಲಿನ ಕೆಲಸ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅದೇ ನೋಟುಪುಸ್ತಕ ಮತ್ತು ಅದೇ ಬಕೆಟ್ ಹಿಡಿದು ಕೆಳಗಿನಿಂದ ಮೇಲಕ್ಕೆ ಮತ್ತೆ ನಡೆಯಬೇಕು. ನಮ್ಮ ನಾಲಾದಲ್ಲಿ ಮೊದಲು ಮೂವತ್ತಕ್ಕೂ ಹೆಚ್ಚು ಬಾಯಿಗಳಿದ್ದವು. ಈ ಏಪ್ರಿಲ್‌ನಲ್ಲಿ ಹರಿಯುತ್ತಿದ್ದವು ನಾಲ್ಕು. ಸೇತುವೆಯಿಂದ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ತಳ ಒಣಗಿ, ಬಿರಿದು, ಹುಡುಗರು ಅದರಲ್ಲಿ ಕಡ್ಡಿ ಇಳಿಸಿ ಯಾವ ಬಿರುಕು ಹೆಚ್ಚು ಆಳವೆಂದು ನೋಡುತ್ತಿದ್ದರು. ಅದರಿಂದ ಮೇಲೆ, ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಹಿಂದೆ, ಪುಸ್ತಕದಲ್ಲಿ ಇಲ್ಲದ ಐದನೆಯ ಪೈಪೊಂದು ಕಾಣಿಸಿಕೊಂಡಿದೆ. ಅದಕ್ಕೆ ಸುಣ್ಣದಲ್ಲಿ ನಂಬರು ಬರೆದು ಬಂದಿದ್ದೇವೆ.